ವೀಳ್ಯದೆಲೆಗೆ ಹೊಡೆದ ಸೂಡೋಮೊನಾಸ್ ಎಲೆ ಮೇಲೆ ನಿಲ್ಲುತ್ತದೆಯೇ? ಎಲೆ ಮೇಲಿನ ಬ್ಯಾಕ್ಟೀರಿಯಾ ಬಗ್ಗೆ ಚರ್ಚೆ

ತೆಂಕುತೋಟ
ಮೂಲ್ಕಿ ಕಡೆಯ ತೋಟ. ಅಡಿಕೆ ಮರಕ್ಕೆ ಹಬ್ಬಿಸಿದ ವೀಳ್ಯದೆಲೆ ಬಳ್ಳಿ. ಮಳೆ ಜೋರಾದ ಮೇಲೆ ಎಲೆಯ ಅಡಿಭಾಗದಲ್ಲಿ ನೀರು ಹೀರಿಕೊಂಡಂಥ ಸಣ್ಣ ಚುಕ್ಕೆಗಳು, ಸುತ್ತ ಹಳದಿ ಅಂಚು. ಪ್ರಶ್ನೆ ಮೂರು ಉಂಟು. ರೋಗ ತಡೆಯಲು ಹೊಡೆಯುವ ಒಳ್ಳೆಯ ಬ್ಯಾಕ್ಟೀರಿಯಾ ಸೂಡೋಮೊನಾಸ್ ಫ್ಲೋರೆಸೆನ್ಸ್, ಅದರ ಪುಡಿ ಲೀಟರಿಗೆ 10 ಗ್ರಾಂ ಹಾಕಿ ಹೊಡೆದರೆ ಈ ಮಳೆಗೆ ಅದು ಎಲೆ ಮೇಲೆ ನಿಲ್ಲುತ್ತದಾ? ಅಡಿಕೆ ಗೊನೆಗೆ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆದಾಗ ಕೆಳಗಿನ ವೀಳ್ಯದೆಲೆಗೂ ತೊಟ್ಟಿಕ್ಕುತ್ತದೆ, ಅದರಿಂದ ಈ ಬ್ಯಾಕ್ಟೀರಿಯಾ ಸಾಯುತ್ತದಾ? ಪುಡಿಯ ಜೊತೆ ಬೆಲ್ಲ ಹಾಕಬೇಕು ಅಂತಾರೆ, ಹಾಕಬೇಕಾ?

ವಿಟ್ಲದ_ಅಡಿಕೆ
ಔಷಧಿಗೆ ಮೊದಲು ರೋಗ ಯಾವುದು ಅಂತ ಖಚಿತ ಮಾಡಿಕೊಳ್ಳಿ. ವೀಳ್ಯದೆಲೆಗೆ ಮಳೆಗಾಲದಲ್ಲಿ ಬರುವುದು ಮುಖ್ಯವಾಗಿ ಮೂರು. ಫೈಟೋಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಯ ಎಲೆಕೊಳೆ ಆದರೆ ಚುಕ್ಕೆ ದೊಡ್ಡದು, ದುಂಡಗೆ, ಕಂದು ಬಣ್ಣ, ಒಳಗೆ ಬಳೆಬಳೆಯಾಗಿ ಕಾಣುತ್ತದೆ, ಎರಡು ಮೂರು ದಿನದಲ್ಲಿ ಅರ್ಧ ಎಲೆ ಹೋಗುತ್ತದೆ. ಆಂಥ್ರಾಕ್ನೋಸ್ ಎಂಬ ಶಿಲೀಂಧ್ರ ರೋಗ ಆದರೆ ಚುಕ್ಕೆಯ ಮಧ್ಯ ಒಣಗಿ ತೆಳ್ಳಗಾಗುತ್ತದೆ. ಕ್ಸಾಂಥೊಮೊನಾಸ್ ಬ್ಯಾಕ್ಟೀರಿಯಾದ ಚುಕ್ಕೆ ನರಗಳ ನಡುವೆ ಸಿಕ್ಕಿಕೊಂಡು ಮೂಲೆಮೂಲೆಯಾಗಿ ಇರುತ್ತದೆ. ಬೆಳಕಿಗೆ ಹಿಡಿದರೆ ಎಣ್ಣೆ ಹಚ್ಚಿದ ಕಾಗದದ ಹಾಗೆ ಪಾರದರ್ಶಕ.

ಖಚಿತಪಡಿಸಲು, ಚುಕ್ಕೆಯ ಅಂಚಿನಿಂದ, ಅಂದರೆ ಅರ್ಧ ಹಸಿರು ಅರ್ಧ ಕಂದು ಇರುವಲ್ಲಿಂದ, 3–4 ಮಿ.ಮೀ. ತುಂಡನ್ನು ಹೊಸ ಬ್ಲೇಡಿನಲ್ಲಿ ಕತ್ತರಿಸಿ, ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ಶುದ್ಧ ನೀರಿನಲ್ಲಿಟ್ಟು, 100 ಪಟ್ಟು ದೊಡ್ಡದು ಮಾಡಿ ನೋಡಿ. ಬ್ಯಾಕ್ಟೀರಿಯಾ ಆಗಿದ್ದರೆ ಕತ್ತರಿಸಿದ ಅಂಚಿನಿಂದ ಹೊಗೆಯಂತೆ ಮೋಡ ಹೊರಬರುವುದು ಕೆಲವೇ ನಿಮಿಷದಲ್ಲಿ ಕಾಣುತ್ತದೆ. ಚುಕ್ಕೆಯ ನಡುವಿನ ಸತ್ತ ಭಾಗ ತೆಗೆದುಕೊಂಡರೆ ಏನೂ ಕಾಣದು, ಅಥವಾ ಅಲ್ಲಿ ಆಮೇಲೆ ಸೇರಿಕೊಂಡ ಕೊಳೆತಿನಿ ಬ್ಯಾಕ್ಟೀರಿಯಾ ಕಂಡು ದಾರಿ ತಪ್ಪಿಸುತ್ತದೆ.

ಬ್ರಹ್ಮಾವರ_ಗದ್ದೆ
ಭತ್ತದ ಎಲೆ ಅಂಗಮಾರಿಗೂ ಇದೇ ಪರೀಕ್ಷೆ, ಮೈಕ್ರೋಸ್ಕೋಪ್ ಕೂಡ ಬೇಡ. ಎಲೆತುಂಡನ್ನು ಗಾಜಿನ ಲೋಟದ ನೀರಿನಲ್ಲಿ ನೆಟ್ಟಗೆ ಇಳಿಬಿಟ್ಟು ಕಪ್ಪು ಬಟ್ಟೆಯ ಎದುರು ನೋಡಿದರೆ ಹಾಲಿನ ಎಳೆ ಇಳಿಯುತ್ತದೆ. ಆದರೆ ವೀಳ್ಯದೆಲೆಯ ಚುಕ್ಕೆಗೆ ಮೈಕ್ರೋಸ್ಕೋಪೇ ಬೇಕು. ಅಲ್ಲಿ ಬರುವ ಪ್ರಮಾಣ ಕಡಿಮೆ.

ಕೊಣಾಜೆ_ಸೂಕ್ಷ್ಮ
ರೋಗ ಬ್ಯಾಕ್ಟೀರಿಯಾದ್ದೇ ಅಂತ ಇಟ್ಟುಕೊಂಡು ಮೊದಲ ಪ್ರಶ್ನೆಗೆ ಬರುತ್ತೇನೆ. ಇದಕ್ಕೆ ಉತ್ತರ ಎಲೆ ಮೇಲೆ ಈಗಾಗಲೇ ಯಾರು ಕೂತಿದ್ದಾರೆ ಅನ್ನುವುದರ ಮೇಲೆ ನಿಂತಿದೆ.

ಬಲಿತ ಎಲೆಯ ಒಂದು ಚದರ ಸೆಂ.ಮೀ. ಮೇಲೆ ಸಾಮಾನ್ಯವಾಗಿ 10 ಲಕ್ಷದಿಂದ 1 ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಬಹುಪಾಲು ನಿರುಪದ್ರವಿಗಳು: ಮಿಥೈಲೊಬ್ಯಾಕ್ಟೀರಿಯಂ, ಸ್ಫಿಂಗೊಮೊನಾಸ್, ಪ್ಯಾಂಟೋಯ, ಸೂಡೋಮೊನಾಸ್. ಈಗ ಲೆಕ್ಕ ಹಾಕೋಣ. ಒಳ್ಳೆಯ ಪುಡಿಯಲ್ಲಿ ಗ್ರಾಮಿಗೆ 10 ಕೋಟಿ ಜೀವಂತ ಕೋಶ ಇರಬೇಕು. 10 ಗ್ರಾಂ ಅಂದರೆ 100 ಕೋಟಿ. ಅದು 1 ಲೀಟರ್ ನೀರಿನಲ್ಲಿ ಬೆರೆತಾಗ ಮಿಲಿಲೀಟರಿಗೆ 10 ಲಕ್ಷ. ಸಿಂಪಡಣೆಯ ನಂತರ ಎಲೆ ಮೇಲೆ 0.05 ಮಿ.ಮೀ. ದಪ್ಪದ ನೀರಿನ ಪೊರೆ ಉಳಿಯಿತು ಅಂದರೆ ಚದರ ಸೆಂ.ಮೀ.ಗೆ 5 ಮೈಕ್ರೋಲೀಟರ್, ಅಂದರೆ 5,000 ಕೋಶ. ಹತ್ತು ಲಕ್ಷ ಇರುವ ಊರಿಗೆ ಐದು ಸಾವಿರ ಬಂದ ಹಾಗಾಯಿತು.

ಎಲೆ ನಮಗೆ ಸಮತಟ್ಟಾಗಿ ಕಂಡರೂ ಬ್ಯಾಕ್ಟೀರಿಯಾಕ್ಕೆ ಅದರಲ್ಲಿ ಬದುಕಲು ಯೋಗ್ಯವಾದ ಜಾಗ ಬಹಳ ಕಡಿಮೆ. ನರಗಳ ಉದ್ದಕ್ಕೂ ಇರುವ ತಗ್ಗು, ರೋಮದ ಬುಡ, ಪತ್ರರಂಧ್ರದ ಅಂಚು, ಮೇಣ ತೆಳ್ಳಗಿರುವ ಕಡೆ, ಇಷ್ಟೇ. ಅಲ್ಲಿ ಮಾತ್ರ ನೀರು ನಿಲ್ಲುತ್ತದೆ, ಅಲ್ಲಿ ಮಾತ್ರ ಒಳಗಿನ ಸಕ್ಕರೆ ಸ್ವಲ್ಪ ಸೋರುತ್ತದೆ. ಬೀನ್ಸ್ ಎಲೆಯಲ್ಲಿ ಅಳೆದಾಗ ಒಂದಿಡೀ ಎಲೆಯ ಮೇಲೆ ಸಿಕ್ಕಿದ ಸಕ್ಕರೆ 0.2ರಿಂದ 10 ಮೈಕ್ರೋಗ್ರಾಂ ಅಷ್ಟೆ. ಇರುವ ಸಕ್ಕರೆಯನ್ನು ಮೊದಲು ಬಂದವರು ಮುಗಿಸಿಬಿಟ್ಟರೆ ತಡವಾಗಿ ಬಂದ ಬ್ಯಾಕ್ಟೀರಿಯಾ, ಅದು ರೋಗದ್ದಿರಲಿ ನಮ್ಮದಿರಲಿ, ಸಂಖ್ಯೆ ಹೆಚ್ಚಿಸಿಕೊಳ್ಳಲಾರದು. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ.

ತೆಂಕುತೋಟ
ಹಾಗಾದರೆ ಲೀಟರಿಗೆ 50 ಗ್ರಾಂ ಹಾಕಿದರೆ?

ಕೊಣಾಜೆ_ಸೂಕ್ಷ್ಮ
25,000 ಆಗುತ್ತದೆ. ಹತ್ತು ಲಕ್ಷದ ಎದುರು ಅದೂ ಸಣ್ಣದೇ. ಅಲ್ಲದೆ ಪುಡಿಯಲ್ಲಿ ಬ್ಯಾಕ್ಟೀರಿಯಾ ಬೆರೆಸಿರುವ ಟಾಲ್ಕ್ (ಬಿಳಿ ಖನಿಜದ ಪುಡಿ) ಎಲೆಗೆ ಬಿಳಿ ಪದರ ಕಟ್ಟುತ್ತದೆ, ನಾಜಲ್ ಕಟ್ಟಿಕೊಳ್ಳುತ್ತದೆ, ವೀಳ್ಯದೆಲೆ ಮಾರಾಟಕ್ಕೂ ತೊಂದರೆ. ಪ್ರಮಾಣ ಹೆಚ್ಚಿಸುವುದರಲ್ಲಿ ಲಾಭವಿಲ್ಲ, ಹೊತ್ತು ಸರಿ ಮಾಡುವುದರಲ್ಲಿ ಇದೆ. ಈಗಷ್ಟೇ ಬಿಚ್ಚಿದ ಎಳೆ ಎಲೆಯಲ್ಲಿ ಬಲಿತ ಎಲೆಗಿಂತ ನೂರಾರು ಪಟ್ಟು ಕಡಿಮೆ ಬ್ಯಾಕ್ಟೀರಿಯಾ ಇರುತ್ತವೆ, ಜಾಗ ಖಾಲಿ. ಅಲ್ಲಿ ಬಿದ್ದ 5,000 ಕೋಶ ಹತ್ತು ಲಕ್ಷ ಆಗಲು ಏಳೆಂಟು ಬಾರಿ ಇಮ್ಮಡಿಯಾದರೆ ಸಾಕು. ಎಲೆ ಒದ್ದೆಯಾಗಿದ್ದರೆ, ಸೆಕೆ ಹದವಾಗಿದ್ದರೆ ಅದು ಒಂದೆರಡು ದಿನದ ಕೆಲಸ. ಕ್ಯಾಲಿಫೋರ್ನಿಯಾದಲ್ಲಿ ಸ್ಟೀವನ್ ಲಿಂಡೋ ಗುಂಪು ಹಿಮ ಹುಟ್ಟಿಸುವ ಸೂಡೋಮೊನಾಸ್ ಸಿರಿಂಜೆಯನ್ನು (ಇದು ನಮ್ಮ ಪುಡಿಯದ್ದಲ್ಲ, ಗಿಡಕ್ಕೆ ರೋಗ ತರುವ ಇನ್ನೊಂದು ಸೂಡೋಮೊನಾಸ್), ಹಿಮ ಹುಟ್ಟಿಸದ ಅದರದ್ದೇ ತಳಿಯಿಂದ ತಡೆದದ್ದು ಈ ಸೂತ್ರದಿಂದಲೇ. ಒಳ್ಳೆಯ ತಳಿ ಮೊದಲು ಬಂದರೆ ಗೆಲ್ಲುತ್ತದೆ, ಎರಡನೆಯದಾಗಿ ಬಂದರೆ ಗೆಲ್ಲದು. ಎರಡೂ ತಿನ್ನುವ ಆಹಾರ ಹೆಚ್ಚು ಹೆಚ್ಚು ಒಂದೇ ಆದಷ್ಟೂ ತಡೆ ಬಲವಾಗುತ್ತದೆ ಅಂತಲೂ ಅವರೇ ತೋರಿಸಿದರು.

ಆದ್ದರಿಂದ ಚುಕ್ಕೆ ಬಿದ್ದ ಎಲೆಗೆ ಹೊಡೆದು ಪ್ರಯೋಜನ ಇಲ್ಲ. ಅಲ್ಲಿ ಕ್ಸಾಂಥೊಮೊನಾಸ್ ಎಲೆಯ ಒಳಗೆ ಸೇರಿ ಆಗಿದೆ. ಹೊಸ ಚಿಗುರಿಗೆ ಹೊಡೆಯಿರಿ.

ಮೈಕ್ರೋ_ಟೀಚರ್
ಒಂದು ಸೇರಿಸುತ್ತೇನೆ. ಎಲ್ಲರೂ ಒಂದೇ ಆಹಾರಕ್ಕೆ ಬಡಿದಾಡುವುದಿಲ್ಲ. ಎಲೆ ಬೆಳೆಯುವಾಗ ಕೋಶಭಿತ್ತಿಯ ಪೆಕ್ಟಿನ್‌ನಿಂದ ಮೆಥನಾಲ್ ಬಿಡುಗಡೆಯಾಗಿ ಪತ್ರರಂಧ್ರದಿಂದ ಹೊರಬರುತ್ತದೆ. ಗುಲಾಬಿ ಬಣ್ಣದ ಮಿಥೈಲೊಬ್ಯಾಕ್ಟೀರಿಯಂ ಅದನ್ನೇ ತಿಂದು ಬದುಕುತ್ತದೆ. ಹಾಗಾಗಿ ಸಕ್ಕರೆ ತಿನ್ನುವವರ ಪಕ್ಕದಲ್ಲೇ ಇದ್ದರೂ ಪೈಪೋಟಿ ಕಡಿಮೆ. ಸ್ಫಿಂಗೊಮೊನಾಸ್ ಬಗ್ಗೆ 2011ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಕೆಲಸ ನೋಡಿದವರಿಗೆ ಗೊತ್ತಿರುತ್ತದೆ. ಅದನ್ನು ಮೊದಲೇ ಹಚ್ಚಿದ ಅರಬಿಡಾಪ್ಸಿಸ್ ಎಂಬ ಪ್ರಯೋಗಾಲಯದ ಪುಟ್ಟ ಗಿಡದಲ್ಲಿ ಸೂಡೋಮೊನಾಸ್ ಸಿರಿಂಜೆಯ ರೋಗ ಸ್ಪಷ್ಟವಾಗಿ ಕಡಿಮೆಯಾಯಿತು, ಮಿಥೈಲೊಬ್ಯಾಕ್ಟೀರಿಯಂ ಹಚ್ಚಿದ್ದರಲ್ಲಿ ಆ ರಕ್ಷಣೆ ಸಿಗಲಿಲ್ಲ. ಯಾವ ಒಳ್ಳೆಯ ಬ್ಯಾಕ್ಟೀರಿಯಾ ಅನ್ನುವುದೂ ಮುಖ್ಯ.

ಬ್ರಹ್ಮಾವರ_ಗದ್ದೆ
ಮಳೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮಳೆ ಎಲೆಯನ್ನು ತೊಳೆದು ಬ್ಯಾಕ್ಟೀರಿಯಾವನ್ನು ಕಳೆದುಬಿಡುತ್ತದೆ ಅಂತ ಅಂದುಕೊಳ್ಳುತ್ತೇವೆ. ತೊಳೆಯುವುದು ನಿಜ, ಆದರೆ ಜೋರು ಮಳೆಯ ಮರುದಿನದಿಂದಲೇ ಉಳಿದವು ವೇಗವಾಗಿ ಹೆಚ್ಚುತ್ತವೆ. ಅಮೆರಿಕದ ಬೀನ್ಸ್ ಹೊಲದಲ್ಲಿ ಸೂಡೋಮೊನಾಸ್ ಸಿರಿಂಜೆಗೆ ಇದು ಮತ್ತೆ ಮತ್ತೆ ಕಂಡಿದೆ. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಗಾಳಿಯೊಂದಿಗೆ ಬರುವ ಮಳೆ ಎಲೆಗೆ ಎಲೆ ಉಜ್ಜಿ ಗಾಯ ಮಾಡುತ್ತದೆ, ಹನಿ ಸಿಡಿದು ಒಂದು ಗಿಡದ್ದನ್ನು ಇನ್ನೊಂದಕ್ಕೆ ಒಯ್ಯುತ್ತದೆ. ಏಣೆಲು (ಮುಂಗಾರು) ಬೆಳೆಯ ಎಂಒ4 ತಳಿಯ ಭತ್ತದ ಗದ್ದೆಯಲ್ಲಿ ಅಂಗಮಾರಿ ಗಾಳಿಮಳೆಯ ದಿಕ್ಕಿನಲ್ಲೇ ಪಟ್ಟೆಪಟ್ಟೆಯಾಗಿ ಹರಡುವುದು ಇದಕ್ಕೇ. ಅಲ್ಲಿ ಕ್ಸಾಂಥೊಮೊನಾಸ್ ಒರೈಝೆ ಒಳಹೋಗುವುದು ಎಲೆ ಅಂಚಿನ ಜಲರಂಧ್ರಗಳಿಂದ. ಬೆಳಗ್ಗೆ ಎಲೆತುದಿಯಲ್ಲಿ ಕಾಣುವ ನೀರಹನಿ ಬಿಸಿಲೇರಿದಂತೆ ಒಳಕ್ಕೆ ಸೆಳೆಯಲ್ಪಡುವಾಗ ಬ್ಯಾಕ್ಟೀರಿಯಾವನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ನಾಟಿ ಮಾಡುವಾಗ ನೇಜಿಯ (ಭತ್ತದ ಸಸಿಯ) ತುದಿ ಕತ್ತರಿಸಬೇಡಿ ಅನ್ನುವುದಕ್ಕೂ ಇದೇ ಕಾರಣ, ಕತ್ತರಿಸಿದ ತುದಿ ತೆರೆದ ಬಾಗಿಲು. ಯೂರಿಯಾ ಹೆಚ್ಚಾದರೆ ಎಲೆ ಮೆತ್ತಗಾಗಿ ಇನ್ನೂ ಕಷ್ಟ.

ಪಡುಕರೆ
ಮಳೆ ಇಲ್ಲದ ದಿನಗಳಲ್ಲಿ ಬ್ಯಾಕ್ಟೀರಿಯಾ ಹೇಗೆ ಉಳಿಯುತ್ತವೆ ಅನ್ನುವುದು ಕಡಲತೀರದವರಿಗೆ ಇನ್ನೂ ಮುಖ್ಯ. ಸಮುದ್ರದಿಂದ ಹಾರಿಬರುವ ಉಪ್ಪಿನ ಕಣ ಎಲೆಯ ಮೇಲೆ ಕೂರುತ್ತದೆ. ಗಾಳಿಯ ಆರ್ದ್ರತೆ 75 ಶೇಕಡಾ ದಾಟಿದ ಕೂಡಲೇ ಅಡುಗೆ ಉಪ್ಪು ತನ್ನಷ್ಟಕ್ಕೆ ನೀರೆಳೆದು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಇನ್ನೂ ಕಡಿಮೆ ಆರ್ದ್ರತೆಯಲ್ಲೇ, ಸುಮಾರು 33 ಶೇಕಡಾದಲ್ಲೇ, ಕರಗಿರುತ್ತದೆ. ಹಾಗಾಗಿ ಮುಟ್ಟಿದರೆ ಒಣಗಿದಂತೆ ಕಾಣುವ ಎಲೆಯ ಮೇಲೂ ಕಣ್ಣಿಗೆ ಕಾಣದ ಹನಿಗಳು ಉಳಿದಿರುತ್ತವೆ, ಒಂದೊಂದು ಹನಿ ಮೈಕ್ರೋಮೀಟರ್ ಲೆಕ್ಕದ್ದು. 2019ರಲ್ಲಿ ಇಸ್ರೇಲಿನ ಗುಂಪೊಂದು ಇದನ್ನೇ ನೋಡಿ, ಗುಂಪುಗೂಡಿದ ಬ್ಯಾಕ್ಟೀರಿಯಾದ ಸುತ್ತ ಹನಿ ದೊಡ್ಡದಾಗಿರುತ್ತದೆ, ದೊಡ್ಡ ಹನಿಯಲ್ಲಿ ಬದುಕುವ ಪಾಲು ಹೆಚ್ಚು ಅಂತ ತೋರಿಸಿತು. ಒಂಟಿ ಕೋಶಗಳು ಒಣಗಿ ಸಾಯುತ್ತವೆ.

ಗುಂಪಿನಲ್ಲಿ ಸುರಕ್ಷಿತ ಅನ್ನುವುದಕ್ಕೆ ಇನ್ನೊಂದು ಕಾರಣ, ಸಂಕೇತ. ಇಷ್ಟು ಪುಟ್ಟ ಹನಿಯಲ್ಲಿ ಅವು ಬಿಡುವ ಸಂಕೇತ ಅಣುಗಳು ಚದುರಿಹೋಗುವುದಿಲ್ಲ. ಬಾಟಲಿಯ ದ್ರಾವಣದಲ್ಲಿ ಕೋಟಿಗಟ್ಟಲೆ ಕೋಶ ಸೇರಿದ ಮೇಲೆ ಆಗುವ ಮಾತುಕತೆ ಎಲೆಯ ಮೇಲೆ ಕೆಲವೇ ಹತ್ತು ಕೋಶಗಳಿಗೆ ಸಾಧ್ಯ. ಆಗ ಅವು ಲೋಳೆ ಪದರ ಕಟ್ಟುತ್ತವೆ. ಒಮ್ಮೆ ಆ ಪದರ ಕಟ್ಟಿಕೊಂಡ ಮೇಲೆ ಬಿಸಿಲೂ ಔಷಧಿಯೂ ಒಳಗಿನ ಕೋಶಕ್ಕೆ ತಾಗುವುದು ಕಷ್ಟ.

ತೆಂಕುತೋಟ
ಪತ್ರರಂಧ್ರದಿಂದ ಒಳಗೆ ಹೋಗುವುದನ್ನು ಗಿಡ ತಡೆಯುವುದಿಲ್ವಾ?

ಕೊಣಾಜೆ_ಸೂಕ್ಷ್ಮ
ತಡೆಯುತ್ತದೆ. ಬ್ಯಾಕ್ಟೀರಿಯಾದ ಬಾಲದ ಪ್ರೋಟೀನ್ ಫ್ಲಜೆಲ್ಲಿನ್ ಗುರುತು ಸಿಕ್ಕಿದ ಕೂಡಲೇ ರಂಧ್ರದ ಕಾವಲು ಕೋಶಗಳು ಒಂದೆರಡು ಗಂಟೆಯೊಳಗೆ ಮುಚ್ಚಿಕೊಳ್ಳುತ್ತವೆ. ಆದರೆ ಸೂಡೋಮೊನಾಸ್ ಸಿರಿಂಜೆಯ ಕೆಲವು ತಳಿಗಳು ಕೊರೊನಾಟಿನ್ ಎಂಬ ವಿಷ ಬಿಟ್ಟು ಮೂರ್ನಾಲ್ಕು ಗಂಟೆಯಲ್ಲಿ ಮತ್ತೆ ತೆರೆಸುತ್ತವೆ. ಇದು 2006ರಲ್ಲಿ ಅರಬಿಡಾಪ್ಸಿಸ್‌ನಲ್ಲಿ ಕಂಡದ್ದು. ವೀಳ್ಯದೆಲೆಯ ಕ್ಸಾಂಥೊಮೊನಾಸ್‌ಗೆ ಅದನ್ನು ಹಾಗೇ ಅನ್ವಯಿಸಬಾರದು. ಮಳೆಗಾಲದಲ್ಲಿ ಎಲೆಯ ಅಡಿಭಾಗ ಗಂಟೆಗಟ್ಟಲೆ ಒದ್ದೆಯಾಗಿ ರಂಧ್ರದೊಳಗೆ ನೀರು ತುಂಬಿದ್ದರೆ ಆ ದಾರಿ ಇನ್ನೂ ಸುಲಭವಾಗುತ್ತದೆ.

ವಿಟ್ಲದ_ಅಡಿಕೆ
ಬೋರ್ಡೋ ವಿಷಯ. ಶೇ. 1ರ ದ್ರಾವಣ ಅಂದರೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಅದು ಎಲೆಯ ಮೇಲೆ ತಾಮ್ರದ ಪೊರೆಯಾಗಿ ಕೂತು ನಿಧಾನವಾಗಿ ತಾಮ್ರದ ಅಯಾನು ಬಿಡುತ್ತದೆ. ಅಡಿಕೆಯ ಕೊಳೆರೋಗಕ್ಕೆ ಅದರ ಬದಲಿ ಸುಲಭಕ್ಕೆ ಸಿಗದು, ಬಿಡಿ ಅಂತ ಯಾರೂ ಹೇಳುವುದಿಲ್ಲ. ಆದರೆ ತಾಮ್ರ ಒಳ್ಳೆಯವರು ಕೆಟ್ಟವರು ಅಂತ ನೋಡದು. ಬೋರ್ಡೋ ತೊಟ್ಟಿಕ್ಕಿದ ವೀಳ್ಯದೆಲೆಯಲ್ಲಿ ಕ್ಸಾಂಥೊಮೊನಾಸ್ ಜೊತೆಗೆ ಅದನ್ನು ತಡೆಯುವ ನೆರೆಹೊರೆಯೂ ಸಾಯುತ್ತದೆ, ಸೂಡೋಮೊನಾಸ್ ಕೂಡ. ಅದೇ ಟ್ಯಾಂಕಿಗೆ ಎರಡನ್ನೂ ಹಾಕುವುದಂತೂ ಪುಡಿಯ ದುಡ್ಡು ನೀರಿಗೆ ಹಾಕಿದಂತೆ.

ಕ್ರಮ ಹೀಗಿರಲಿ. ಅಡಿಕೆಗೆ ಹೊಡೆಯುವ ದಿನ ಕೆಳಗಿನ ಬಳ್ಳಿಗೆ ತೆಳು ಪ್ಲಾಸ್ಟಿಕ್ ಹೊದಿಸಿ, ತೊಟ್ಟಿಕ್ಕುವುದು ನಿಂತ ಮೇಲೆ ಅದೇ ದಿನ ತೆಗೆಯಿರಿ. ಸಂಜೆವರೆಗೆ ಬಿಟ್ಟರೆ ಒಳಗೆ ಸೆಕೆ ಕಟ್ಟಿ ಎಲೆ ಬೇಯುತ್ತದೆ. ಹೊದಿಸದೆ ತಾಮ್ರ ಬಿದ್ದಿದ್ದರೆ ಕನಿಷ್ಠ 15 ದಿನ ಬಿಟ್ಟು, ಆಮೇಲೆ ಬಂದ ಹೊಸ ಎಲೆಗೆ ಸೂಡೋಮೊನಾಸ್. ಹಳೆಯ ಎಲೆಯಲ್ಲಿ ನೀಲಿ ಪೊರೆ ಕಂಡರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ರಾಳ-ಸೋಡಾ ಅಂಟು ಬೆರೆಸಿದ ಬೋರ್ಡೋ ಇನ್ನೂ ಹೆಚ್ಚು ದಿನ ನಿಲ್ಲುತ್ತದೆ.

ವೀಳ್ಯದೆಲೆಗೇ ನೇರವಾಗಿ ತಾಮ್ರ ಪದೇ ಪದೇ ಹೊಡೆಯುವುದು ನನಗೆ ಸರಿ ಕಾಣುವುದಿಲ್ಲ. ಎಲೆಯನ್ನು ಹಸಿಯಾಗಿ ಬಾಯಿಗೆ ಹಾಕುತ್ತೇವೆ ಅನ್ನುವುದು ಒಂದು. ಟೊಮೆಟೊ, ದೊಣ್ಣಮೆಣಸಿನ ಕ್ಸಾಂಥೊಮೊನಾಸ್ ತಾಮ್ರ ತಡೆದುಕೊಳ್ಳುವ ಶಕ್ತಿ ಪಡೆದದ್ದು ಹಲವು ದೇಶಗಳಲ್ಲಿ ದಾಖಲಾಗಿದೆ ಅನ್ನುವುದು ಇನ್ನೊಂದು. ಆ ಶಕ್ತಿಯ ವಂಶವಾಹಿಗಳು ಹೆಚ್ಚಾಗಿ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದೊಳಗಿನ ಬಿಡಿ ಡಿಎನ್‌ಎ ಬಳೆ) ಮೇಲೆ ಇದ್ದು, ಎಲೆಯ ಮೇಲೆಯೇ ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ. ಸ್ಟ್ರೆಪ್ಟೊಮೈಸಿನ್ ಬೆರೆತ ಔಷಧಿಯೂ ಅದೇ ಕಾರಣಕ್ಕೆ ಬೇಡ.

ಹಿತ್ತಿಲ_ಬಳ್ಳಿ
ಬೆಲ್ಲದ ಬಗ್ಗೆ? ಇಲ್ಲಿ ಎಲ್ಲರೂ ಲೀಟರಿಗೆ 10 ಗ್ರಾಂ ಹಾಕುತ್ತಾರೆ. ಕೆಲವರು ಸಗಣಿ, ಗೋಮೂತ್ರ, ಬೆಲ್ಲ ಕಲಸಿ ಕೊಳೆಸಿದ ಜೀವಾಮೃತವನ್ನೇ ಸೋಸಿ ಎಲೆಗೆ ಹೊಡೆಯುತ್ತಾರೆ.

ಕೊಣಾಜೆ_ಸೂಕ್ಷ್ಮ
ಬೆಲ್ಲ ಎಲೆಗೆ ಬೇಡ. ಮೇಲೆ ಹೇಳಿದ ತಡೆ ನಡೆಯುವುದು ಸಕ್ಕರೆ ಕಡಿಮೆ ಇರುವುದರಿಂದಲೇ. ಲೀಟರಿಗೆ 10 ಗ್ರಾಂ ಬೆಲ್ಲ ಅಂದರೆ ಚದರ ಸೆಂ.ಮೀ.ಗೆ 50 ಮೈಕ್ರೋಗ್ರಾಂ, ಒಂದಿಡೀ ಬೀನ್ಸ್ ಎಲೆಯಲ್ಲಿ ಸಹಜವಾಗಿ ಸಿಗುವುದಕ್ಕಿಂತ ಎಷ್ಟೋ ಹೆಚ್ಚು. ಎಲ್ಲರಿಗೂ ಊಟ ಹಾಕಿದಾಗ ಪೈಪೋಟಿಯೇ ಇಲ್ಲ, ಕ್ಸಾಂಥೊಮೊನಾಸ್ ಕೂಡ ಬೆಳೆಯುತ್ತದೆ, ಕಪ್ಪು ಬೂಷ್ಟೂ ಬರುತ್ತದೆ. ಮಣ್ಣಿಗೆ ಹಾಕುವ ಗೊಬ್ಬರದಲ್ಲಿ ಬೆಲ್ಲಕ್ಕೆ ಬೇರೆ ಲೆಕ್ಕ.

ಜೀವಾಮೃತ ಬುಡಕ್ಕೆ ಹಾಕಿ, ಎಲೆಗೆ ಖಂಡಿತ ಬೇಡ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಸಗಣಿಯಲ್ಲಿ ಮನುಷ್ಯರ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ, ರೋಗಕಾರಕ ಈ. ಕೊಲಿ ಬ್ಯಾಕ್ಟೀರಿಯಾ ಇರಬಹುದು. ಅವು ಎಲೆಯ ಮೇಲೆ ದಿನಗಟ್ಟಲೆ ಬದುಕುತ್ತವೆ, ಲೆಟ್ಯೂಸ್ ಎಲೆಯಲ್ಲಿ ಸಾಲ್ಮೊನೆಲ್ಲಾ ತೆರೆದ ಪತ್ರರಂಧ್ರದೊಳಗೆ ಇಳಿಯುವುದು ಕಂಡಿದೆ. ಇಳಿದ ಮೇಲೆ ತೊಳೆದರೆ ಹೋಗದು. 2014ರಲ್ಲಿ ಯುರೋಪಿಯನ್ ಒಕ್ಕೂಟ ಬಾಂಗ್ಲಾದೇಶದ ವೀಳ್ಯದೆಲೆ ಆಮದನ್ನೇ ನಿಲ್ಲಿಸಿದ್ದು ಸಾಲ್ಮೊನೆಲ್ಲಾ ಕಾರಣಕ್ಕೆ. ತಾಂಬೂಲಕ್ಕೆ ಇಡುವ ಎಲೆಯನ್ನು ಯಾರೂ ಬೇಯಿಸುವುದಿಲ್ಲ.

ತೆಂಕುತೋಟ
ಹೊಡೆದದ್ದು ನಿಂತಿದೆಯೋ ಇಲ್ಲವೋ ಅಂತ ನೋಡುವುದು ಹೇಗೆ? ನಮ್ಮ ಕಡೆಯ ಕಾಲೇಜೊಂದರಲ್ಲಿ ಲ್ಯಾಬ್ ಉಂಟು, ಮಕ್ಕಳು ಮಾಡಿಕೊಡುತ್ತಾರಂತೆ.

ಮೈಕ್ರೋ_ಟೀಚರ್
ಮಾಡಬಹುದು, ಆದರೆ ವೀಳ್ಯದೆಲೆಗೆ ಒಂದು ವಿಶೇಷ ಎಚ್ಚರ ಬೇಕು. ಎಲೆಯನ್ನು ಅರೆಯಬೇಡಿ, ತುಂಡು ಮಾಡಬೇಡಿ. ವೀಳ್ಯದೆಲೆಯೊಳಗಿನ ಯೂಜಿನಾಲ್, ಹೈಡ್ರಾಕ್ಸಿಚಾವಿಕಾಲ್ ಬ್ಯಾಕ್ಟೀರಿಯಾ ಕೊಲ್ಲುವ ವಸ್ತುಗಳು. ಕತ್ತರಿಸಿದ ಅಂಚಿನಿಂದ ಅವು ದ್ರಾವಣಕ್ಕೆ ಇಳಿದರೆ ಎಣಿಕೆ ಸುಳ್ಳೇ ಕಡಿಮೆ ಬರುತ್ತದೆ, ‘ಸೂಡೋಮೊನಾಸ್ ನಿಲ್ಲಲೇ ಇಲ್ಲ’ ಎಂಬ ತೀರ್ಮಾನಕ್ಕೆ ಬಂದುಬಿಡುತ್ತೇವೆ.

ಇಡೀ ಎಲೆಯನ್ನು ತೊಟ್ಟು ಹಿಡಿದು ಕ್ರಿಮಿಶುದ್ಧ ಚೀಲಕ್ಕೆ ಇಳಿಸಿ, ತೊಟ್ಟಿನ ಗಾಯ ನೀರಿಗೆ ತಾಗದಂತೆ ಮೇಲೆ ಇರಲಿ. 50 ಮಿ.ಲೀ. ಫಾಸ್ಫೇಟ್ ಬಫರ್, ಪಿಎಚ್ 7, ಅದರಲ್ಲಿ ಶೇ. 0.01 ಟ್ವೀನ್-20 (ಎಲೆಯಿಂದ ಕೋಶ ಬಿಡಿಸುವ ಸೌಮ್ಯ ಮಾರ್ಜಕ). ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ 7 ನಿಮಿಷ. ಗುಂಪುಗಟ್ಟಿದ ಕೋಶಗಳು ಬಿಡಿಸಿಕೊಳ್ಳಲು ಇದು ಬೇಕು, ಬರೀ ಕೈಯಲ್ಲಿ ಅಲ್ಲಾಡಿಸಿದರೆ ಒಂದು ಗುಂಪು ಒಂದೇ ಕಾಲೊನಿಯಾಗಿ ಎಣಿಕೆಯಾಗುತ್ತದೆ. ಆಮೇಲೆ ಹತ್ತರ ಹಂತದಲ್ಲಿ ತೆಳು ಮಾಡಿ, 0.1 ಮಿ.ಲೀ. ಕಿಂಗ್ಸ್ ಬಿ ಅಗಾರಿನ (ಸೂಡೋಮೊನಾಸ್ ಬೆಳೆಸುವ ಆಹಾರದ ತಟ್ಟೆ) ಮೇಲೆ ಹರಡಿ. ಲೀಟರಿಗೆ ಪ್ರೋಟಿಯೋಸ್ ಪೆಪ್ಟೋನ್ 20 ಗ್ರಾಂ, ಗ್ಲಿಸರಾಲ್ 10 ಮಿ.ಲೀ., ಡೈಪೊಟ್ಯಾಸಿಯಂ ಫಾಸ್ಫೇಟ್ 1.5 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 1.5 ಗ್ರಾಂ, ಅಗಾರ್ 15 ಗ್ರಾಂ. ಬೂಷ್ಟು ತಡೆಯಲು ಸೈಕ್ಲೊಹೆಕ್ಸಿಮೈಡ್ ಮಿಲಿಲೀಟರಿಗೆ 50 ಮೈಕ್ರೋಗ್ರಾಂ, ಅದು ವಿಷ, ಕೈಗವಸು ಕಡ್ಡಾಯ. 28 ಡಿಗ್ರಿಯಲ್ಲಿ 2 ದಿನ ಇಟ್ಟು ಕತ್ತಲೆಯಲ್ಲಿ 365 ನ್ಯಾನೋಮೀಟರ್ ಯುವಿ ದೀಪ ಹಿಡಿದರೆ ಫ್ಲೋರೆಸೆನ್ಸ್ ಗುಂಪಿನ ಕಾಲೊನಿ ಹಸಿರು-ನೀಲಿಯಾಗಿ ಹೊಳೆಯುತ್ತದೆ. ಎಲೆಯಲ್ಲಿ ಮೊದಲೇ ಇದ್ದ ಸೂಡೋಮೊನಾಸ್‌ಗಳೂ ಹೊಳೆಯುತ್ತವೆ. ಆದ್ದರಿಂದ ಸಿಂಪಡಿಸದ ಬಳ್ಳಿಯ ಎಲೆಗಳೂ ಅದೇ ದಿನ ಬೇಕು. ಅವಿಲ್ಲದ ಎಣಿಕೆಗೆ ಅರ್ಥವಿಲ್ಲ.

ಎಲೆಗಳನ್ನು ಒಟ್ಟಿಗೆ ಒಂದೇ ಚೀಲಕ್ಕೆ ಹಾಕುವುದು ಎಲ್ಲರೂ ಮಾಡುವ ತಪ್ಪು. ಒಂದು ಎಲೆಯಲ್ಲಿ ಸಾವಿರ, ಪಕ್ಕದ್ದರಲ್ಲಿ ಹತ್ತು ಸಾವಿರ, ಇನ್ನೊಂದರಲ್ಲಿ ಹತ್ತು ಲಕ್ಷ ಇರುವುದು ಮಾಮೂಲು. ಒಟ್ಟು ಸೇರಿಸಿದರೆ ಸರಾಸರಿ 3,37,000 ಅಂತ ಬರುತ್ತದೆ, ಅದು ಆ ಒಂದು ಎಲೆಯ ಲೆಕ್ಕ ಮಾತ್ರ. ಒಂದೊಂದನ್ನೇ ಎಣಿಸಿ ಲಾಗರಿದಂನ ಸರಾಸರಿ ತೆಗೆದರೆ ಸುಮಾರು 21,500. ಕನಿಷ್ಠ 10 ಎಲೆ, ಒಂದೊಂದೂ ಬೇರೆ ಚೀಲ. ಎಲೆಯ ವಿಸ್ತೀರ್ಣ ಗ್ರಾಫ್ ಕಾಗದದ ಮೇಲೆ ಗೆರೆ ಎಳೆದು ಎಣಿಸಿದರೆ ಸಾಕು, ಎರಡೂ ಬದಿ ಸೇರಿಸಲು ಮರೆಯಬೇಡಿ.

ತಟ್ಟೆಯ ಮೇಲೆ ಬೆಳೆಯುವುದು ಎಲೆಯಲ್ಲಿರುವುದರ ಒಂದು ಭಾಗ ಅಷ್ಟೆ. ಡಿಎನ್‌ಎ ಮೂಲಕ ಪೂರ್ತಿ ನೋಡಲು ಹೊರಟರೆ ಬ್ಯಾಕ್ಟೀರಿಯಾದ 16ಎಸ್ ವಂಶವಾಹಿ ಹುಡುಕುವ ಸಾಮಾನ್ಯ ಪ್ರೈಮರ್‌ಗಳು (ಡಿಎನ್‌ಎ ತುಣುಕುಗಳು) ಎಲೆಯದೇ ಹರಿದ್ರೇಣುವಿನ (ಕ್ಲೋರೊಪ್ಲಾಸ್ಟ್) ಡಿಎನ್‌ಎಯನ್ನು ಹಿಡಿದುಬಿಡುತ್ತವೆ. ಅದನ್ನು ಹಿಡಿಯದ 799ಎಫ್ ಪ್ರೈಮರ್ ಬಳಸಲು ಹೇಳಿ.

ತೆಂಕುತೋಟ
ಸರಿ, ಈಗ ಹೊಡೆಯುವ ಕ್ರಮ ಒಮ್ಮೆ ಹೇಳಿಬಿಡಿ.

ವಿಟ್ಲದ_ಅಡಿಕೆ
ಮೊದಲು ಮಳೆ ಬಿಟ್ಟ, ಎಲೆ ಒಣಗಿದ ಹೊತ್ತಿನಲ್ಲಿ ಚುಕ್ಕೆ ಇರುವ ಎಲೆ ಕಿತ್ತು ತೋಟದಿಂದ ಹೊರಗೆ ಒಯ್ದು ಹೂಳಿ. ಒದ್ದೆ ಎಲೆ ಕೀಳುವುದೇ ಹರಡುವ ದಾರಿ. ಕತ್ತಿಯನ್ನು ಬಳ್ಳಿಯಿಂದ ಬಳ್ಳಿಗೆ ಹೋಗುವಾಗ ಶೇ. 70ರ ಸ್ಪಿರಿಟ್‌ನಲ್ಲಿ ಅದ್ದಿ. ಪುಡಿಯ ಪ್ಯಾಕೆಟ್ ಮೇಲೆ ತಯಾರಿಸಿದ ದಿನ ನೋಡಿ, ಅಂಗಡಿಯಲ್ಲಿ ಬಿಸಿಲಿಗೆ ಬಿದ್ದದ್ದು ಬೇಡ. ಟಾಲ್ಕಿನಲ್ಲಿ ಸೂಡೋಮೊನಾಸ್ ಬೀಜಕ ಕಟ್ಟುವುದಿಲ್ಲ, ತಿಂಗಳು ಕಳೆದಂತೆ ಕಡಿಮೆಯಾಗುತ್ತಲೇ ಹೋಗುತ್ತದೆ. ಬಾವಿ ನೀರು ಒಳ್ಳೆಯದು. ನಳ್ಳಿ ನೀರಾದರೆ ಅದರ ಕ್ಲೋರಿನ್ ಹೋಗಲು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ರಾತ್ರಿ ತೆರೆದಿಡಿ. ಬೋರ್ಡೋ ಹೊಡೆದ ಟ್ಯಾಂಕ್ ಬಳಸಬೇಡಿ, ತೊಳೆದರೂ ಪೈಪಿನಲ್ಲಿ ತಾಮ್ರ ಉಳಿಯುತ್ತದೆ. ಸೋಪಿನ ಪುಡಿ ಬೇಡ.

ಲೀಟರಿಗೆ 10 ಗ್ರಾಂ ಕಲಸಿ, 10 ನಿಮಿಷ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಸಂಜೆ 4ರ ನಂತರ ಚಿಗುರು ಮತ್ತು ಎಲೆಯ ಅಡಿಭಾಗಕ್ಕೆ ಮಂಜಿನಂತೆ. ಹನಿ ಸುರಿಯುವಷ್ಟು ಹೊಡೆದರೆ ಅರ್ಧ ನೆಲಕ್ಕೆ ಹೋಗುತ್ತದೆ. ಹೊಡೆದು ಐದಾರು ಗಂಟೆ ಮಳೆ ಬಾರದ ಸಂಜೆ ಆಟಿ ತಿಂಗಳಿನಲ್ಲಿ (ಜುಲೈ-ಆಗಸ್ಟ್) ಸಿಗುವುದು ಕಷ್ಟ. ಅದಕ್ಕೇ ಮೇ ಕೊನೆಯಲ್ಲಿ ಒಮ್ಮೆ, ಮೊದಲ ಮಳೆ ಹನಿಸಿ ಹೊಸ ಎಲೆ ಬಿಚ್ಚುವಾಗ ಹೊಡೆಯುವುದು ಎಲ್ಲಕ್ಕಿಂತ ಮುಖ್ಯ. ಆಮೇಲೆ ಹೊಸ ಚಿಗುರು ಬಂದಾಗಲೆಲ್ಲ, 10–15 ದಿನಕ್ಕೆ, ಮಳೆ ಬಿಡುವು ನೋಡಿಕೊಂಡು. ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ಬಿಟ್ಟು ಬುಡಕ್ಕೆ ಹನಿ ನೀರಾವರಿ ಮಾಡಿದರೆ ರಾತ್ರಿಯಿಡೀ ಎಲೆ ಒದ್ದೆ ಇರುವುದೂ ತಪ್ಪುತ್ತದೆ.

ಪಡುಕರೆ
ಅದಕ್ಕೆ ಒಂದು ಸೇರ್ಪಡೆ. ಸ್ಪ್ರಿಂಕ್ಲರ್ ಬಿಡಲಾಗದಿದ್ದರೆ ಅದನ್ನು ಸಂಜೆಯಿಂದ ಬೆಳಗ್ಗೆ 7–8 ಗಂಟೆಗೆ ಬದಲಿಸಿ. ಹತ್ತು ಗಂಟೆಯ ಬಿಸಿಲಿಗೆ ಎಲೆ ಒಣಗುತ್ತದೆ.

ತೆಂಕುತೋಟ
ಹಾಗೇ ಮಾಡುತ್ತೇನೆ. ಈ ವಾರ ಚುಕ್ಕೆ ಎಲೆ ಕೀಳುವುದು, ಮೈಕ್ರೋಸ್ಕೋಪ್ ಪರೀಕ್ಷೆ. ಎರಡು ಸಾಲು ಬಳ್ಳಿಯನ್ನು ಏನೂ ಹೊಡೆಯದೆ ಹೋಲಿಕೆಗೆ ಬಿಡುತ್ತೇನೆ. ಎಣಿಕೆ ಬಂದರೆ ಇಲ್ಲೇ ಹಾಕುತ್ತೇನೆ.

ಮೈಕ್ರೋ_ಟೀಚರ್
ಎರಡು ಸಾಲನ್ನು ತೋಟದ ಒಂದೇ ಅಂಚಿನಲ್ಲಿ ಬಿಡಬೇಡಿ. ಗಾಳಿ ಬರುವ ಪಡುವಣ ಬದಿಯಲ್ಲಿ ಒಂದು, ನೆರಳಿನ ಒಳಬದಿಯಲ್ಲಿ ಒಂದು ಇರಲಿ. ನಡುವೆ ಒಂದು ಸಾಲು ಬಿಟ್ಟರೆ ಸಿಂಪಡಣೆ ಹಾರಿಬರುವುದೂ ತಪ್ಪುತ್ತದೆ.